ಅಕ್ಷರ ಉದುರಿದ ನಾಲ್ಕು ಸಾಲು

ಆ ಚರ್ಚಿನ ಉತ್ತರದ ಗೋಡೆಯಲ್ಲಿ ಹನ್ನೊಂದು ಅಮೃತಶಿಲೆಯ ಫಲಕಗಳಿದ್ದವು. ಹತ್ತು ಫಲಕಗಳು ನನಗೆ ಅಂಥ ತೊಂದರೆ ಕೊಡಲಿಲ್ಲ. ಕಾಲರಾದಲ್ಲಿ ಸತ್ತ ಸಿಪಾಯಿಗಳು, ಹೆರಿಗೆಯಲ್ಲಿ ಸತ್ತ ಹೆಂಡಿರು, ಹಲ್ಲು ಮೂಡುವ ಮೊದಲೇ ಸತ್ತ ಮಕ್ಕಳು. ಅವುಗಳ ಮೇಲೆ ಬಳಿದಿದ್ದ ಸುಣ್ಣ ಕೆರೆದು, ಕಲೆ ತೆಗೆದು, ಸಡಿಲವಾದ ಅಂಚಿಗೆ ಗಾರೆ ತುಂಬಿ ಮುಗಿಸಿದ್ದೆ. ಹನ್ನೊಂದನೆಯದು ಮಾತ್ರ ನನ್ನ ಆರು ವಾರಗಳನ್ನು ತಿಂದುಹಾಕಿತು. ಆ ಸುಸ್ತು ಇನ್ನೂ ಪೂರ್ತಿ ಇಳಿದಿಲ್ಲ.

ಹಳೆಯ ಕಲ್ಲುಬರಹಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸ. ಊರು ಕಲಬುರಗಿ ಕಡೆಯದು. ಇರುವುದು ಗರುಡಾಚಾರ್‌ಪಾಳ್ಯದ ಒಂದು ಬಾಡಿಗೆ ಕೋಣೆಯಲ್ಲಿ. ಬೆಳಿಗ್ಗೆ ಮೆಟ್ರೋದಲ್ಲಿ ನಿಂತು ಬಂದು, ಇಳಿದು ಆಟೋ ಹಿಡಿದು, ಕಂಟೋನ್ಮೆಂಟಿನ ಆ ಚರ್ಚು ಮುಟ್ಟುವಷ್ಟರಲ್ಲಿ ಅರ್ಧ ದಿನದ ಶಕ್ತಿ ಮುಗಿದಿರುತ್ತಿತ್ತು. ಜೊತೆಗೆ ಬೆನ್ನುನೋವು. ಐವತ್ತು ದಾಟಿದವನು ಏಣಿಯಿಂದ ಇಳಿಯುವಾಗ ದೇವರನ್ನು ನೆನೆಯುತ್ತಾನೆ, ಯಾವ ದೇವರಾದರೂ ಆದೀತು.

ಕೆಲಸ ಕೊಟ್ಟಿದ್ದು ಚರ್ಚಿನ ಕಮಿಟಿ. ವಾರ್ಷಿಕೋತ್ಸವಕ್ಕೆ ಗೋಡೆ, ಕಿಟಕಿ, ಫಲಕ ಎಲ್ಲವೂ ಹೊಸದಾಗಿ ಕಾಣಬೇಕಿತ್ತು. ಕಮಿಟಿಯ ಸೆಕ್ರೆಟರಿ ಬೆನ್ಸನ್ ಟೌನಿನ ನಿವೃತ್ತ ಎಂಜಿನಿಯರು, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲೂ ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು ಬರುವವರು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುವಾಗ ಹಾಗೆ ಅನ್ನಿಸದಿರಬಹುದು.

ಹನ್ನೊಂದನೆಯ ಫಲಕ ಒಬ್ಬ ಕ್ಯಾಪ್ಟನ್ನನದು. ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಅವನ ಮಗ ಹಾಕಿಸಿದ ಕಲ್ಲು. ಉಳಿದವುಗಳಲ್ಲಿ ಅಕ್ಷರಗಳನ್ನು ಕಲ್ಲಿನಲ್ಲೇ ಕೆತ್ತಿದ್ದರೆ, ಇದರಲ್ಲಿ ಸೀಸದ ಅಕ್ಷರಗಳನ್ನು ಎರಕ ಹೊಯ್ದು ಕೂರಿಸಿದ್ದರು. ಒಂದೊಂದು ಅಕ್ಷರದ ಹಿಂದೆಯೂ ಎರಡೋ ಮೂರೋ ನಾಲ್ಕೋ ಸಣ್ಣ ಕಾಲುಗಳಿರುತ್ತವೆ. ಕಲ್ಲಿನಲ್ಲಿ ಆ ಕಾಲುಗಳಿಗೆ ಸರಿಯಾಗಿ ತೂತು ಕೊರೆದು, ಅಕ್ಷರವನ್ನು ಇಟ್ಟು ಮರದ ಸುತ್ತಿಗೆಯಿಂದ ತಟ್ಟಿದರೆ ಸೀಸ ತೂತಿನೊಳಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಗೋಡೆ ಒಣಗಿರುವ ತನಕ ಅದಕ್ಕೆ ಸಾವಿಲ್ಲ. ಈ ಗೋಡೆಯೋ, ಕೆಳಗಿನಿಂದ ತೇವ ಹೀರುತ್ತಿತ್ತು. ಮೇಲಿನ ಏಳು ಸಾಲುಗಳು ಹೆಚ್ಚುಕಡಿಮೆ ಉಳಿದಿದ್ದವು. ಕೆಳಗಿನ ನಾಲ್ಕು ಸಾಲುಗಳಲ್ಲಿ ಒಂದಕ್ಷರವೂ ಇರಲಿಲ್ಲ. ಸುಣ್ಣ ತುಂಬಿದ ತೂತುಗಳು ಮಾತ್ರ ಉಳಿದಿದ್ದವು.

ಆ ನಾಲ್ಕು ಸಾಲುಗಳು ಒಬ್ಬರಿಗೆ ಬಹಳ ಬೇಕಾಗಿದ್ದವು ಎಂದು ಮೊದಲ ದಿನವೇ ಗೊತ್ತಾಯಿತು. ಚರ್ಚಿನ ಗಂಟೆ ಹೊಡೆಯುವ ಅಮ್ಮ ನನಗೆ ಟೀ ತಂದುಕೊಟ್ಟು, ಸೆರಗಿನಿಂದ ಆ ಕಲ್ಲನ್ನೊಮ್ಮೆ ಒರೆಸಿದರು. ಅರವತ್ತೈದರ ಆಸುಪಾಸು. ಕಾಂಪೌಂಡಿನ ಹಿಂದೆಯೇ ಎರಡು ಕೋಣೆಯ ಮನೆ. ಗಂಟೆಯ ಹಗ್ಗ ಅವರ ಅಮ್ಮನ ಕೈಯಿಂದ ಅವರ ಕೈಗೆ ಬಂದದ್ದು.

“ಮೇಸ್ತ್ರಿ, ಇದು ನಮ್ ತಾತನ ಕಲ್ಲು. ಸ್ವಲ್ಪ ಚೆನ್ನಾಗ್ ಮಾಡ್ಕೊಡಿ.”

“ನಿಮ್ಮ ತಾತ ಕ್ಯಾಪ್ಟನ್ ಏನ್ರೀ ಅಮ್ಮ?” ಎಂದೆ, ತಮಾಷೆಗೆ.

“ಅಯ್ಯೋ, ಇಲ್ಲಪ್ಪಾ! ಕ್ಯಾಪ್ಟನ್ ದೊರೆ ಸಾಕಿದ್ ಮಗ. ತಾತಂಗೂ ತಾತ, ಅವ್ರಿಗೂ ತಾತ. ತಾಮಸ್ ಅಂತ ಹೆಸ್ರು. ದೊರೆ ಸ್ವಂತ ಮಗನ್ ಥರ ನೋಡ್ಕೊಂಡಿದ್ರಂತೆ. ಅದಕ್ಕೇ ತಾನೇ ಗಂಟೆ ಹಗ್ಗ ನಮ್ ಮನೆಗ್ ಕೊಟ್ಟಿದ್ದು. ಇಲ್ ಕೆಳಗೆ ಅವ್ರ ಹೆಸ್ರಿತ್ತು ಅಂತ ನಮ್ಮಮ್ಮ ಕೈಯಿಟ್ಟು ತೋರಿಸ್ತಿದ್ಲು.”

ಅವರು ತೋರಿಸಿದ ಜಾಗದಲ್ಲಿ ಏನೂ ಇರಲಿಲ್ಲ. ಆದರೂ ಅವರು ಅದನ್ನು ಓದಿದವರ ಹಾಗೆ ನೋಡಿದರು. ಕ್ಯಾಪ್ಟನ್ನನ ಸಾಕುಮಗನ ವಂಶ ಎಂಬ ಮಾತು ಆ ಚರ್ಚಿನಲ್ಲಿ ಅವರಿಗಿದ್ದ ಒಂದೇ ಒಂದು ಹೆಚ್ಚುಗಾರಿಕೆ. ಕಾರಿನಲ್ಲಿ ಬರುವ ಕುಟುಂಬಗಳ ಮುಂದೆ ಅದನ್ನು ಅವರು ಜೋರಾಗಿ ಹೇಳುತ್ತಿರಲಿಲ್ಲ, ಆದರೆ ಬಿಟ್ಟೂ ಕೊಡುತ್ತಿರಲಿಲ್ಲ.

ಸೆಕ್ರೆಟರಿಯವರು ಒಂದು ಜೆರಾಕ್ಸ್ ಪ್ರತಿ ತಂದುಕೊಟ್ಟರು. ಹಿಂದಿನ ಯಾವುದೋ ಉತ್ಸವಕ್ಕೆ ಅಚ್ಚು ಹಾಕಿಸಿದ್ದ ಪುಸ್ತಿಕೆಯ ಒಂದು ಪುಟ. ಅದರಲ್ಲಿ ಈ ಫಲಕದ ಪೂರ್ತಿ ಬರಹವಿತ್ತು. ಉದುರಿಹೋದ ಸಾಲುಗಳ ಜಾಗದಲ್ಲಿ, ಕ್ಯಾಪ್ಟನ್ನನ ನಂಬಿಗಸ್ತ ಒಡನಾಡಿಯೂ ದೀನರ ಗೆಳೆಯನೂ ಆದ ತಾಮಸ್ ಎಂಬ ಅರ್ಥದ ಇಂಗ್ಲಿಷ್ ಮಾತುಗಳಿದ್ದವು.

“ನಮ್ಮ ಹಿರಿಯರು ಬರೆದಿಟ್ಟಿದ್ದು. ಇದ್ರ ಪ್ರಕಾರ ಹಾಕ್ಬಿಡಿ ಸಾರ್, ತಲೆನೋವಿಲ್ಲ” ಎಂದರು.

ತಲೆನೋವಿಲ್ಲ ಎಂದ ಮೇಲೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಸಮಾಧಾನ.

ಅಕ್ಷರ ಎರಕಕ್ಕೆ ಮೆತ್ತನೆಯ ಸೀಸ ಬೇಕು. ಬ್ಯಾಟರಿಯ ಸೀಸ ಗಡಸು, ತಟ್ಟಿದರೆ ಹಿಗ್ಗದೆ ಸೀಳುತ್ತದೆ. ಹಳೆಯ ನೀರಿನ ಪೈಪಿನದೇ ಆಗಬೇಕು. ಅದಕ್ಕಾಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಎರಡು ದಿನ ಸುತ್ತಿದೆ. ಕೊನೆಗೆ ಒಬ್ಬ ಅಂಗಡಿಯವನು, “ಕ್ಯಾ ಉಸ್ತಾದ್, ಪೈಪ್ ಸೀಸ ಈಗ ಎಲ್ ಸಿಗುತ್ತೆ? ಎಲ್ಲಾ ಪ್ಲಾಸ್ಟಿಕ್ ಆಗೋಯ್ತಲ್ಲ” ಎಂದು ಗೊಣಗುತ್ತಲೇ ಒಳಗಿನಿಂದ ಒಂದು ಸುರುಳಿ ಎಳೆದು ತಂದ. ಮೇಲಿನ ಸಾಲುಗಳಲ್ಲಿ ಸಡಿಲವಾಗಿದ್ದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳಿಂದ ಪ್ಲಾಸ್ಟರಿನ ಅಚ್ಚು ತೆಗೆದೆ. ಅಚ್ಚು ಪೂರ್ತಿ ಒಣಗಬೇಕು. ಚೂರು ಹಸಿಯಿದ್ದರೂ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ. ವಾರ್ಷಿಕೋತ್ಸವದ ಅವಸರಕ್ಕೆ ಪ್ಲಾಸ್ಟರು ಬಗ್ಗುವುದಿಲ್ಲ. ಬಿಸಿಲಿಗಿಟ್ಟು, ಮೋಡ ಬಂದಾಗ ಒಳಗಿಟ್ಟು, ಮತ್ತೆ ಬಿಸಿಲಿಗಿಟ್ಟು, ಹನ್ನೆರಡು ದಿನ ಕಳೆಯಿತು. ಅಂತೂ ಪುಸ್ತಿಕೆಯ ಪ್ರಕಾರ ಬೇಕಾದ ಅಕ್ಷರಗಳೆಲ್ಲ ತಯಾರಾದವು.

ಕೂರಿಸಲು ಶುರುಮಾಡಿದ ದಿನವೇ ಕೆಲಸ ಕೈಕೊಟ್ಟಿತು. ಮೊದಲ ಅಕ್ಷರಕ್ಕೆ ಮೂರು ಕಾಲು, ಕಲ್ಲಿನಲ್ಲಿ ಎರಡೇ ತೂತು. ಎರಡನೆಯದಕ್ಕೆ ನಾಲ್ಕು ಕಾಲು, ತೂತುಗಳು ನಾಲ್ಕಿದ್ದರೂ ದೂರ ಹೊಂದದು. ಹಳೆಯ ಕೆಲಸಗಾರ ಈ ಸಾಲುಗಳಿಗೆ ಬೇರೆ ಅಚ್ಚು ಬಳಸಿರಬೇಕು ಎಂದುಕೊಂಡೆ. ನನಗೆ ಸಾಕಾಗಿತ್ತು. ಕೈಡ್ರಿಲ್ ತೆಗೆದುಕೊಂಡು, ನನ್ನ ಅಕ್ಷರಕ್ಕೆ ಬೇಕಾದ ಕಡೆ ಮೂರು ಹೊಸ ತೂತು ಕೊರೆದೆ.

ನಮ್ಮ ಕೆಲಸದಲ್ಲಿ ಇದಕ್ಕೆ ಕ್ಷಮೆಯಿಲ್ಲ. ಕಲ್ಲು ಹೇಳದ ಮಾತನ್ನು ಕಲ್ಲಿನ ಬಾಯಿಗೆ ತುರುಕುವುದು ಅದು. ಹೊಸಬರಿಗೆ ನಾನೇ ಈ ಪಾಠ ಹೇಳಿಕೊಟ್ಟಿದ್ದೇನೆ, ಡ್ರಿಲ್ ಕಿತ್ತುಕೊಂಡು ಬೈದಿದ್ದೇನೆ. ನಾಲ್ಕನೆಯ ತೂತಿಗೆ ಮೊನೆ ಇಟ್ಟಾಗ ಕೈ ನಿಂತಿತು. ವಿವೇಕದಿಂದ ನಿಂತಿತು ಎಂದು ಬರೆಯಲು ಆಸೆ, ಆದರೆ ಬೆನ್ನು ಹಿಡಿದುಕೊಂಡದ್ದರಿಂದ ನಿಂತಿತು. ಏಣಿಯಿಂದ ಇಳಿದು ಬೆಂಚಿನ ಮೇಲೆ ಮಲಗಿದೆ. ಮಲಗಿ ಕಲ್ಲನ್ನೇ ನೋಡುತ್ತಿದ್ದಾಗ ತಪ್ಪಿರುವುದು ತೂತುಗಳಲ್ಲಲ್ಲ, ಪುಸ್ತಿಕೆಯಲ್ಲಿ ಎಂದು ಹೊಳೆಯಿತು. ನಾಚಿಕೆಯಾಯಿತು. ಆ ದಿನ ಮತ್ತೆ ಏಣಿ ಹತ್ತಲಿಲ್ಲ.

ಮರುದಿನದಿಂದ ಕೆಲಸವನ್ನು ತಲೆಕೆಳಗಾಗಿ ಮಾಡಿದೆ. ಮೊದಲು ಕಾಗದದ ತಿರುಳನ್ನು ನೆನೆಸಿ ಆ ನಾಲ್ಕು ಸಾಲುಗಳಿಗೆ ಲೇಪ ಹಾಕಿ, ತೂತುಗಳೊಳಗಿನ ಸುಣ್ಣವನ್ನು ಮೆತ್ತಗೆ ಮಾಡಿ ಕೆದಕಿ ತೆಗೆದೆ. ಆಮೇಲೆ ತೆಳು ಕಾಗದ ಅಂಟಿಸಿ ಪೆನ್ಸಿಲಿನಿಂದ ಉಜ್ಜಿ ತೂತುಗಳ ನಕ್ಷೆ ತೆಗೆದೆ. ಮೇಲಿನ ಏಳು ಸಾಲುಗಳ ಅಕ್ಷರಗಳಿಂದ ಒಂದು ಪಟ್ಟಿ ಮಾಡಿಕೊಂಡೆ: ಯಾವ ಅಕ್ಷರಕ್ಕೆ ಎಷ್ಟು ಕಾಲು, ಎಲ್ಲೆಲ್ಲಿ. ಬರೀ ನೆಟ್ಟನೆಯ ಗೆರೆಯ ಅಕ್ಷರಕ್ಕೆ ಮೇಲೊಂದು ಕೆಳಗೊಂದು. ಗುಂಡನೆಯದಕ್ಕೆ ಸುತ್ತ ನಾಲ್ಕು. ಕೆಲವು ಅಕ್ಷರಗಳಿಗೆ ಒಂದೇ ಥರದ ಕಾಲುಗಳು, ಅವನ್ನು ಅಕ್ಕಪಕ್ಕದವು ನೋಡಿ ಊಹಿಸಬೇಕು. ಟಾರ್ಚನ್ನು ಕಲ್ಲಿಗೆ ಅಡ್ಡವಾಗಿ ಹಿಡಿದರೆ ಇನ್ನೊಂದು ಸಹಾಯ ಸಿಗುತ್ತಿತ್ತು. ಸೀಸ ಮುಚ್ಚಿಕೊಂಡಿದ್ದ ಕಡೆ ಕಲ್ಲು ಕೊಳೆಯಾಗದೆ ತುಸು ಬಿಳಿಯಾಗಿ ಉಳಿದಿರುತ್ತದೆ. ಅದು ಇದೆ ಎಂದು ಗೊತ್ತಿದ್ದವರಿಗೆ ಕಾಣುತ್ತದೆ, ಅಷ್ಟೇ.

ಮೂರು ದಿನ ಹಿಡಿಯಿತು. ಮೊದಲು ಸಿಕ್ಕಿದ್ದು ತಾಮಸ್ ಎಂಬ ಹೆಸರು. ಗಂಟೆ ಹೊಡೆಯುವ ಅಮ್ಮನನ್ನು ಕೂಗಿ ಹೇಳಿಬಿಡಬೇಕು ಎನ್ನುವಷ್ಟು ಖುಷಿಯಾಯಿತು. ಪೂರ್ತಿ ಸಿಗಲಿ ಎಂದು ಸುಮ್ಮನಾದೆ. ಮೂರನೆಯ ದಿನ ಮಧ್ಯಾಹ್ನ ಪೂರ್ತಿ ಸಿಕ್ಕಿತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ, ಈತ ಎಂದರೆ ಕ್ಯಾಪ್ಟನ್: ಈತನು ಕ್ರಯಕ್ಕೆ ಕೊಂಡು, ದೈವಕೃಪೆಯಿಂದ ಕ್ರಿಸ್ತನಿಗೆ ಗೆದ್ದುಕೊಟ್ಟ ದಾಸ ತಾಮಸ್, ಮೊದಲು ಮುನಿಯ ಎಂಬ ಹೆಸರಿನವನು, ಹೊರಗೆ ಮಲಗಿದ್ದಾನೆ. ಕೊನೆಯ ಸಾಲು ವೇದಪುಸ್ತಕದ, ಅಂದರೆ ಬೈಬಲಿನ ಮಾತು, ದಾಸರು ಯಜಮಾನರ ಮಾತು ಮೀರಬಾರದು ಎಂಬರ್ಥದ್ದು.

ಮೇಲಿನ ಏಳು ಸಾಲುಗಳನ್ನು ಆಗ ಮತ್ತೆ ಓದಿದೆ. ಕತ್ತಿಯಿಂದ ಈ ನಾಡನ್ನು ಗೆದ್ದು ದೇವರ ವಾಕ್ಯದಿಂದ ಅದಕ್ಕೆ ಬೆಳಕು ತಂದವನು ಎಂದು ಅವು ಕ್ಯಾಪ್ಟನ್ನನನ್ನು ಹೊಗಳಿದ್ದವು. ಆ ಸಾಲುಗಳನ್ನು ವಾರಗಟ್ಟಲೆ ನನ್ನ ಕೈಯಾರೆ ಒರೆಸಿದ್ದೆ, ಹೊಳಪು ಕೊಟ್ಟಿದ್ದೆ. ಅವು ಏನು ಹೇಳುತ್ತಿವೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಕೆಳಗಿನ ನಾಲ್ಕು ಸಾಲುಗಳು ಬಂದ ಮೇಲೆ ಮೇಲಿನವು ಯೋಚನೆಗೆ ಹಚ್ಚಿದವು. ಗೆದ್ದದ್ದೂ ದೇವರಿಗಾಗಿ, ಕೊಂಡದ್ದೂ ದೇವರಿಗಾಗಿ, ಮಾತು ಕೇಳಬೇಕಾದ್ದೂ ದೇವರಿಗಾಗಿ. ಮುನಿಯನನ್ನು ಒಬ್ಬರೂ ಕೇಳಿದ ಹಾಗೆ ಕಾಣಲಿಲ್ಲ.

ನಕ್ಷೆಯನ್ನು ಸೆಕ್ರೆಟರಿಯವರ ಮುಂದೆ ಹಾಸಿದೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಇದು ಗ್ಯಾರಂಟಿನಾ?”

“ಅಲ್ಲೊಂದು ಇಲ್ಲೊಂದು ಅಕ್ಷರ ಊಹೆ ಅದರೀ. ಕೊಂಡಿದ್ದು ಮತ್ತ ಹೆಸರು, ಎರಡೂ ಗ್ಯಾರಂಟಿ.”

“ನೋಡಿ ಸಾರ್, ನಾನು ಇಲ್ಲೇ ದೀಕ್ಷಾಸ್ನಾನ ತಗೊಂಡೋನು. ನಮ್ಮಪ್ಪ, ನಮ್ಮಜ್ಜ, ಎಲ್ಲಾ ಇಲ್ಲೇ. ಈಗಿನ ಕಾಲ ನಿಮಗೆ ಗೊತ್ತಲ್ಲ. ಯಾರಾದ್ರೂ ಬಂದು ಒಂದು ಫೋಟೋ ಹೊಡ್ಕೊಂಡು ವಾಟ್ಸಾಪ್‌ಗೆ ಹಾಕಿದ್ರೆ ಮುಗೀತು. ನೋಡ್ರಪ್ಪಾ, ಇವ್ರು ಹೆಂಗ್ ಮತಾಂತರ ಮಾಡಿದ್ರು ಅಂತ ಶುರುವಾಗುತ್ತೆ. ಯಾವನೋ ದೊರೆ ಮಾಡಿದ್ದಕ್ಕೆ ನಮ್ಮ ಮಕ್ಕಳು ಏಟು ತಿನ್ಬೇಕಾ?”

ಅವರ ಭಯ ಸುಳ್ಳಲ್ಲ.

“ಕೆಳಗಿನ ನಾಲ್ಕು ಸಾಲು ಓದೋಕಾಗ್ಲಿಲ್ಲ ಅಂತ ರಿಪೋರ್ಟಲ್ಲಿ ಬರೀರಿ. ತೂತುಗಳಿಗೆ ಅಮೃತಶಿಲೆ ಪುಡಿ ತುಂಬಿ ಸಪಾಟು ಮಾಡ್ಬಿಡಿ. ಯಾರಿಗೂ ನೋವಿಲ್ಲ” ಎಂದರು. ದನಿಯಲ್ಲಿ ಆಜ್ಞೆಯಿರಲಿಲ್ಲ, ಕೇಳಿಕೊಂಡ ಹಾಗಿತ್ತು.

ಪುಡಿಯನ್ನು ರಾಳದ ಜೊತೆ ಕಲಸಿ ತುಂಬಿದರೆ ಮತ್ತೆ ತೆಗೆಯಲು ಬರುವುದಿಲ್ಲ. ಆ ಸಾಲುಗಳು ಅಲ್ಲಿಗೆ ತೀರಿದವು. ಅಂದು ಮೆಟ್ರೋದಲ್ಲಿ ಹೋಗುವಾಗ ಮೊಬೈಲಿನಲ್ಲಿ ರಿಪೋರ್ಟ್ ಬರೆದೇಬಿಟ್ಟೆ. ಓದಲು ಸಾಧ್ಯವಾಗಿಲ್ಲ ಎಂಬ ಒಂದೇ ವಾಕ್ಯ. ಹೇಳಿಕೊಳ್ಳಲು ಸಂಕೋಚವಾದರೂ ನಿಜ, ಬರೆದಾಗ ಹಗುರವಾಯಿತು. ಇನ್ನು ನಾಲ್ಕು ದಿನ ಕೆಲಸ ಮಾಡಿದರೆ ಮನೆಗೆ ಹೋಗಿ ಒಂದು ವಾರ ಮಲಗಬಹುದಿತ್ತು.

ಕಳಿಸುವ ಮೊದಲು ಮನಸ್ಸು ನನ್ನ ಅಜ್ಜನ ಕಡೆ ಹೋಯಿತು. ಅಜ್ಜ ಒಂದು ದೊಡ್ಡ ಮನೆಯಲ್ಲಿ ಜೀತಕ್ಕಿದ್ದವನು. ಹಿಂದಿನ ಜನ್ಮದ ಪಾಪ, ಸೇವೆ ಮಾಡಿ ಕಳೆದುಕೋ ಎಂದು ಅವನಿಗೂ ದೇವರ ಹೆಸರಿನಲ್ಲೇ ಬುದ್ಧಿ ಹೇಳುತ್ತಿದ್ದರಂತೆ. ದೇವರು ಬೇರೆ, ಮಾತಿನ ಧಾಟಿ ಒಂದೇ. ಇದನ್ನು ಅಪ್ಪ ನನಗೆ ಹೇಳಿದ್ದು ಒಂದೇ ಸಲ. ಅಜ್ಜ ದುಡಿದ ಆ ಮನೆ, ಆ ಮನೆಯವರು, ಅವರ ಹೊಲ ಎಲ್ಲಕ್ಕೂ ಹೆಸರಿದೆ, ಕಾಗದವಿದೆ. ಅಜ್ಜನಿಗೆ ನಾವು ಅಜ್ಜ ಎನ್ನುತ್ತೇವೆ, ಅಷ್ಟೇ. ಮುಂದಿನ ತಲೆಮಾರಿಗೆ ಅದೂ ಇರುವುದಿಲ್ಲ.

ರಿಪೋರ್ಟ್ ಕಳಿಸಲಿಲ್ಲ. ಕಲ್ಲು ಕಮಿಟಿಯದು, ನಿರ್ಧಾರವೂ ಅವರದೇ. ಆದರೆ ಆ ಸಾಲುಗಳನ್ನು ಮುಚ್ಚುವ ಮೊದಲು ಒಬ್ಬರಿಗೆ ಓದಿ ಹೇಳದೆ ಬಿಡುವುದು ನನ್ನಿಂದಾಗಲಿಲ್ಲ.

ಬೆಳಿಗ್ಗೆ ಹೋದವನೇ ಗಂಟೆ ಹೊಡೆಯುವ ಅಮ್ಮನ ಮನೆಯ ಕಟ್ಟೆಯ ಮೇಲೆ ಕೂತೆ. ಅವರು ಕರಿಬೇವು ಬಿಡಿಸುತ್ತಿದ್ದರು. ನಕ್ಷೆ ಬಿಚ್ಚಿ, ಒಂದೊಂದೇ ಪದದ ಮೇಲೆ ಬೆರಳಿಟ್ಟು, ಕನ್ನಡದಲ್ಲಿ ಹೇಳಿದೆ. ಕೊಂಡ ಎಂಬಲ್ಲಿಗೆ ಬಂದಾಗ ಬೆರಳು ನಿಲ್ಲಿಸಿದೆ.

“ಏನದು?”

“ಕೊಂಡಿದ್ರು ಅಂತ ಬರದಾರ್ರೀ ಅಮ್ಮ. ಸಂತೆಯೊಳಗ ಕೊಳ್ತಾರಲ್ಲ, ಹಂಗ.”

“ಮಗ ಅಂತಿಲ್ವಾ?”

“ಇಲ್ರೀ.”

“ಸರಿಯಾಗ್ ನೋಡಿ.”

“ಮೂರು ದಿನ ನೋಡೀನ್ರೀ.”

ಅವರ ಕೈ ಕರಿಬೇವಿನ ಮೇಲೆಯೇ ಇತ್ತು. ಉಳಿದದ್ದನ್ನೂ ಓದಿದೆ. ಮುನಿಯ ಎಂದಾಗ ತಲೆಯೆತ್ತಿದರು.

“ಮುನಿಯನಾ? ಅಂದ್ರೆ ನಮ್ ತಾತನ ಹೆಸ್ರು ಮುನಿಯನಾ?”

“ಮೊದಲು ಹಂಗಿತ್ತು ಅಂತ ಅದ.”

“ನಮ್ಮಮ್ಮಂಗೂ ಗೊತ್ತಿರ್ಲಿಲ್ಲ ಇದು. ಯಾರಿಗೂ ಗೊತ್ತಿರ್ಲಿಲ್ಲ.” ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡು, “ಹೊರಗೆ ಅಂದ್ರೆ ಎಲ್ಲಿ?” ಎಂದು ಕೇಳಿದರು.

ಅದು ಕಲ್ಲಿನಲ್ಲಿರಲಿಲ್ಲ. ಗೊತ್ತಿಲ್ಲ ಎಂದೆ. ಅವರು ಎದ್ದು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಎರಡು ದಿನ ನನಗೆ ಟೀ ಬರಲಿಲ್ಲ. ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋದರು. ನಾನು ಅವರಿಂದ ಒಬ್ಬ ದೊರೆಯ ಮಗನನ್ನು ಕಿತ್ತುಕೊಂಡಿದ್ದೆ. ಅವರ ಅಮ್ಮ, ಅಜ್ಜಿ ಎಲ್ಲರೂ ನೆಮ್ಮದಿಯಾಗಿ ನಂಬಿ ಸತ್ತ ಮಾತು ಅದು. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಆ ಎರಡು ದಿನವೂ ನನ್ನನ್ನು ಬೈದುಕೊಂಡೆ.

ಭಾನುವಾರ ಆರಾಧನೆ ಮುಗಿದ ಮೇಲೆ ಪೀಠದ ಪಕ್ಕದ ಕೋಣೆಯಲ್ಲಿ ಕಮಿಟಿ ಸೇರಿತು. ನಾನು ನಕ್ಷೆ ಮುಂದಿಟ್ಟು, ಓದಿದ್ದನ್ನು ಓದಿದ ಹಾಗೆಯೇ ಹೇಳಿದೆ. ಸೆಕ್ರೆಟರಿಯವರು ನನ್ನ ಕಡೆ ನೋಡಲಿಲ್ಲ. ಸಭಾಪಾಲಕರು, ಅಂದರೆ ಆ ಚರ್ಚಿನ ಪಾದ್ರಿಗಳು, ನಲವತ್ತರ ಆಸುಪಾಸಿನವರು, ಮೆಲುದನಿಯವರು. ನಕ್ಷೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

“ಇದೇ ವೇದಪುಸ್ತಕ ಹಿಡ್ಕೊಂಡು ನಮ್ಮೋರಿಗೆ ಸ್ಕೂಲ್ ಕಟ್ಟಿದ್ರು” ಎಂದರು. “ಇದೇ ಪುಸ್ತಕ ಹಿಡ್ಕೊಂಡು ಮನುಷ್ಯರನ್ನ ಕೊಂಡ್ರು, ಸರಿ ಅಂತ ಪ್ರಸಂಗಾನೂ ಮಾಡಿದ್ರು. ಎರಡೂ ನಮ್ದೇ ಕಥೆ. ಒಂದನ್ನ ಮಾತ್ರ ಗೋಡೆ ಮೇಲೆ ಇಟ್ಕೊಂಡಿದ್ದೀವಿ.”

“ಅದು ಪ್ರಸಂಗಕ್ಕೆ ಚೆನ್ನಾಗಿದೆ ಅಯ್ಯನವರೇ” ಎಂದರು ಸೆಕ್ರೆಟರಿ. “ಗೇಟಿನ ಹೊರಗೆ ನಾಲ್ಕು ಜನ ಬಂದು ನಿಂತ್ಕೊಂಡ್ರೆ ಯಾರು ಮಾತಾಡ್ತಾರೆ? ನೀವಾ?”

ಸಭಾಪಾಲಕರು ನಕ್ಷೆಯನ್ನು ಮೇಜಿನ ಮೇಲಿಟ್ಟರು. ಕೈ ಎತ್ತಿಸಿ ಮುಗಿಸೋಣ ಎಂದು ಯಾರೋ ಅಂದರು. ಅಷ್ಟರಲ್ಲಿ ಗಂಟೆ ಹೊಡೆಯುವ ಅಮ್ಮ ಬಾಗಿಲಲ್ಲಿ ಬಂದು ನಿಂತರು. ಅವರು ಕಮಿಟಿಯವರಲ್ಲ. ಆ ಕೋಣೆಗೆ ಅವರು ಬರುತ್ತಿದ್ದುದು ಟೀ ತಟ್ಟೆ ಹಿಡಿದುಕೊಂಡು. ಆವತ್ತು ಕೈಯಲ್ಲಿ ತಟ್ಟೆ ಇರಲಿಲ್ಲ.

“ನಾನೊಂದ್ ಮಾತ್ ಹೇಳ್ಬಹುದಾ?” ಎಂದರು. ಯಾರೂ ಬೇಡ ಎನ್ನಲಿಲ್ಲ. “ಆ ಕಲ್ಲನ್ನ ನಾನೇ ಒರೆಸ್ಕೊಂಡ್ ಬಂದಿದ್ದೀನಿ, ಮದುವೆಗ್ ಮುಂಚಿಂದ. ದೊರೆ ಮಗ ಅಂತ ಹೇಳ್ಕೊಂಡು ನಮ್ ಮನೆಯೋರೆಲ್ಲ ಸಂತೋಷವಾಗಿದ್ವಿ. ಅದ್ ಹೋಯ್ತು. ಎರಡ್ ದಿನ ಅತ್ತೆ, ಸಾಕು. ಈಗ ಅಲ್ಲಿ ಅವ್ನ ಹೆಸ್ರಿದೆ ಅಂತ ಗೊತ್ತಾಗಿದೆ. ಅದನ್ನ ಸಿಮೆಂಟ್ ಹಾಕಿ ಮುಚ್ತೀರಾ?”

“ಹಂಗಲ್ಲ ಅಮ್ಮ” ಎಂದು ಸೆಕ್ರೆಟರಿಯವರು ಎದ್ದುನಿಂತರು. ಆಕೆ ಎದುರಿಗೆ ಬಂದಾಗ ಅವರ ದನಿ ನಿಜಕ್ಕೂ ಮೆತ್ತಗಾಯಿತು. “ಒಂದು ಕೆಲಸ ಮಾಡೋಣ. ಹೆಸರು ಹಾಕಿಸೋಣ. ತಾಮಸ್, ಮುನಿಯ, ಎರಡೂ. ಆ ಕೊಂಡಿದ್ದು ಗಿಂಡಿದ್ದು ಮಾತ್ರ ಬೇಡ. ನಿಮಗೂ ಮರ್ಯಾದೆ, ನಮಗೂ ಮರ್ಯಾದೆ.”

ನಾನು ಮನಸ್ಸಿನಲ್ಲೇ ಒಪ್ಪಿಕೊಂಡುಬಿಟ್ಟೆ. ಎಲ್ಲರೂ ಒಪ್ಪಿದ ಹಾಗೆ ಕುರ್ಚಿಗಳು ಸರಿದಾಡಿದವು.

ಆಕೆ ತಲೆಯಾಡಿಸಿದರು. “ಬೇಡ ಸಾರ್. ಕೊಂಡಿದ್ದು ಬಿಟ್ಟು ಹೆಸ್ರು ಮಾತ್ರ ಹಾಕಿದ್ರೆ, ಇನ್ನೊಂದಷ್ಟ್ ವರ್ಷಕ್ಕೆ ಅವ್ನು ಮತ್ತೆ ದೊರೆ ಮಗ ಆಗ್ಬಿಡ್ತಾನೆ. ನಮ್ ಮನೆಯೋರೇ ಮಾಡ್ತಾರೆ, ನಾನೇ ಮಾಡಿದ್ದೆ. ಹಾಕೋದಾದ್ರೆ ಎಲ್ಲಾ ಹಾಕಿ. ಇಲ್ಲಾಂದ್ರೆ ಆ ತೂತು ಹಂಗೇ ಇರ್ಲಿ, ನನ್ಗೆ ಗೊತ್ತು ಏನಿದೆ ಅಂತ.”

ಸಭಾಪಾಲಕರು ಮೊದಲು ಕೈ ಎತ್ತಿದರು. ನಾಲ್ಕು ಸಾಲುಗಳನ್ನೂ ಹಾಕುವುದು, ಪಕ್ಕದಲ್ಲಿ ಇದು ನಮ್ಮ ಪಾಪ, ನಾವು ಪಶ್ಚಾತ್ತಾಪ ಪಡುತ್ತೇವೆ ಎಂದು ಕನ್ನಡದಲ್ಲೊಂದು ಸಣ್ಣ ಹಲಗೆ ತೂಗುಹಾಕುವುದು ಎಂದು ಆಯಿತು. ಒಂದೇ ಒಂದು ಕೈ ಹೆಚ್ಚಿತ್ತು. ಸೆಕ್ರೆಟರಿಯವರ ಕೈ ಮೇಲೇಳಲಿಲ್ಲ. ಹೊರಗೆ ಬಂದಾಗ ನನ್ನ ಹೆಗಲು ಮುಟ್ಟಿ, “ನೀವು ಮುಗಿಸ್ಕೊಂಡು ಹೋಗ್ತೀರಿ ಸಾರ್. ಇಲ್ಲಿ ಇರೋರು ನಾವು” ಎಂದರು. ಆ ಮಾತು ನನಗೆ ತಾಗಿತು. ತಾಗಬೇಕಾದ್ದೇ.

ಮತ್ತೆ ಎರಕ. ಪುಸ್ತಿಕೆಯ ಪ್ರಕಾರ ಮಾಡಿದ್ದ ಅಕ್ಷರಗಳಲ್ಲಿ ಕೆಲವು ಉಪಯೋಗಕ್ಕೆ ಬಂದವು, ಉಳಿದವನ್ನು ಕರಗಿಸಿದೆ. ಕಲ್ಲಿನಲ್ಲಿ ನಾನು ಕೊರೆದಿದ್ದ ಮೂರು ತಪ್ಪು ತೂತುಗಳಿಗೆ ಅಮೃತಶಿಲೆಯ ಪುಡಿ ತುಂಬಿದೆ. ಎಷ್ಟು ತಿಕ್ಕಿದರೂ ಬಣ್ಣ ಸೇರಲಿಲ್ಲ. ಅವು ಅಲ್ಲೇ ಇವೆ. ಈ ಸಲ ಅಕ್ಷರಗಳು ತಮ್ಮ ತೂತುಗಳಲ್ಲಿ ಸಲೀಸಾಗಿ ಕೂತವು. ಸುತ್ತಿಗೆ ತಟ್ಟಿ, ಮೇಲೆದ್ದ ಸೀಸವನ್ನು ಉಳಿಯಿಂದ ಹೆರೆದು, ನೀರು ಹಾಕಿ ನುಣ್ಣಗೆ ಉಜ್ಜಿದೆ. ಮುನಿಯ ಎಂಬ ಹೆಸರಿನ ಕೊನೆಯ ಅಕ್ಷರ ಕೂರಿಸುವಾಗ ಗಂಟೆ ಹೊಡೆಯುವ ಅಮ್ಮ ಟೀ ತಂದು ಏಣಿಯ ಬುಡದಲ್ಲಿಟ್ಟರು. ಅಷ್ಟೇ ಸಾಕು ಎನ್ನಿಸಿತು.

ವಾರ್ಷಿಕೋತ್ಸವದ ಆರಾಧನೆಗೆ ನನ್ನನ್ನೂ ಕರೆದಿದ್ದರು. ಹಿಂದಿನ ಬೆಂಚಿನಲ್ಲಿ ಕೂತೆ. ಜನ ತುಂಬಿದ್ದರು. ಸಭಾಪಾಲಕರು ಪೀಠದಿಂದ ಇಳಿದು ಫಲಕದ ಹತ್ತಿರ ಬಂದು, ಅದರ ಕನ್ನಡ ಅನುವಾದವನ್ನು ಕಾಗದ ಹಿಡಿದು ಮೊದಲಿನಿಂದ ಓದತೊಡಗಿದರು. ಕತ್ತಿ, ವಾಕ್ಯ, ಬೆಳಕು. ಕೊಂಡದ್ದು. ತಾಮಸ್. ಮುನಿಯ. ಹೊರಗೆ ಮಲಗಿದ್ದು. ಕೊನೆಗೆ ದಾಸರು ಯಜಮಾನರ ಮಾತು ಮೀರಬಾರದೆಂಬ ಆ ವೇದವಾಕ್ಯವನ್ನು ಓದಿ ನಿಲ್ಲಿಸಿದರು.

ಆ ಚರ್ಚಿನಲ್ಲಿ ವೇದಪಾಠ ಓದಿ ಮುಗಿಸಿದಾಗಲೆಲ್ಲ ಸಭೆ ಒಂದೇ ದನಿಯಲ್ಲಿ ‘ದೇವರಿಗೆ ಸ್ತೋತ್ರ’ ಎನ್ನುವುದು ವಾಡಿಕೆ. ಹುಟ್ಟಿನಿಂದ ಬಂದ ಅಭ್ಯಾಸ, ನಾಲಿಗೆ ತಾನಾಗಿಯೇ ಹೊರಳುತ್ತದೆ. ವೇದವಾಕ್ಯ ಕಿವಿಗೆ ಬಿದ್ದದ್ದೇ ತಡ, ಸಭೆಯೆಲ್ಲ ಒಟ್ಟಿಗೆ ಹೇಳಿಬಿಟ್ಟಿತು:

“ದೇವರಿಗೆ ಸ್ತೋತ್ರ.”

ಹೇಳಿ ಮುಗಿಸಿದ ಮೇಲೆ ತಾವು ಯಾವುದಕ್ಕೆ ಸ್ತೋತ್ರ ಹೇಳಿದೆವೆಂದು ಒಬ್ಬೊಬ್ಬರಿಗೂ ತಿಳಿಯತೊಡಗಿತು. ಮುಂದಿನ ಸಾಲಿನಲ್ಲಿದ್ದ ಸೆಕ್ರೆಟರಿಯವರು ತಲೆ ತಗ್ಗಿಸಿದರು. ಸಭಾಪಾಲಕರು ಕಾಗದವನ್ನು ತಿರುಗಿಸಿ ನೋಡಿದರು. ಮುಂದೆ ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ಮೇಲೆ ಫ್ಯಾನುಗಳು ತಿರುಗುವುದು ಕೇಳಿಸುತ್ತಿತ್ತು.

“ಅಯ್ಯನವರೇ” ಎಂದರು ಗಂಟೆ ಹೊಡೆಯುವ ಅಮ್ಮ, ಹಿಂದಿನ ಬಾಗಿಲ ಬಳಿಯಿಂದ. “ನಮ್ ತಾತನ ಸಾಲು ಇನ್ನೊಂದ್ಸಲ ಓದಿ. ಈ ಸಲ ಯಾರೂ ಏನೂ ಹೇಳ್ಬೇಡಿ.”

ಸಭಾಪಾಲಕರು ಕಾಗದ ಮಡಿಚಿ ಜೇಬಿಗಿಟ್ಟು, ಕಲ್ಲಿನ ಕಡೆ ತಿರುಗಿ ನಿಧಾನವಾಗಿ ಕನ್ನಡದಲ್ಲಿ ಓದಿದರು. ಈತನು ಕ್ರಯಕ್ಕೆ ಕೊಂಡ ದಾಸ ತಾಮಸ್, ಮೊದಲು ಮುನಿಯ ಎಂಬ ಹೆಸರಿನವನು.

ಯಾರೂ ಏನೂ ಹೇಳಲಿಲ್ಲ.